ಮಣ್ಣಿನ ಕಾರ್ಡ್‌ನಲ್ಲಿ ಸೀಸದ ಕಾಲಂ ಇಲ್ಲ

"ಸಾರ್, ಎಲ್ಲಾ ಸರಿ ಇದೆ ಅಂತ ಬಂದಿದೆ. ಪಕ್ಕದ ಶೆಡ್‌ನಲ್ಲಿ ವೈರ್ ಸುಡ್ತಾರೆ, ಆದ್ರೆ ನಮ್ ಮಣ್ಣಿಗೇನೂ ಆಗಿಲ್ಲ ಅಲ್ವಾ?" ಮಣ್ಣು ಆರೋಗ್ಯ ಕಾರ್ಡನ್ನು ಮೇಜಿನ ಮೇಲಿಟ್ಟು ಕೋಲಾರದ ಕಡೆಯ ರೈತರು ಹೀಗೆ ಕೇಳುತ್ತಾರೆ. ಆ ಕಾರ್ಡ್ ನೋಡಿ ಈ ಪ್ರಶ್ನೆಗೆ ಉತ್ತರ ಹೇಳಲು ಬರುವುದಿಲ್ಲ.

2015ರಲ್ಲಿ ಶುರುವಾದ ಈ ಕಾರ್ಡ್‌ನಲ್ಲಿ 12 ಅಂಶಗಳಿವೆ. ರಸಸಾರ (ಮಣ್ಣಿನ ಹುಳಿ ತೋರಿಸುವ ಪಿಎಚ್ ಅಂಕಿ), ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಗೊಬ್ಬರ ಎಷ್ಟು ಹಾಕಬೇಕು ಅಂತ ತಿಳಿಯಲು ಮಾಡಿದ ಕಾರ್ಡ್ ಅದು, ಆ ಕೆಲಸಕ್ಕೆ ಚೆನ್ನಾಗಿದೆ. ಸೀಸ, ಕ್ಯಾಡ್ಮಿಯಂ, ನಿಕ್ಕಲ್, ಕ್ರೋಮಿಯಂ ಅದರಲ್ಲಿ ಇಲ್ಲವೇ ಇಲ್ಲ. ಹಳೇ ಟಿವಿ, ಕಂಪ್ಯೂಟರ್, ಚಾರ್ಜರ್ ಒಡೆದು ಸುಡುವ ಕಡೆ ಮಣ್ಣಿಗೆ ಸೇರುವುದು ಇವೇ. ಹಳೆಯ ಬೆಸುಗೆಯಲ್ಲಿ ನೂರಕ್ಕೆ ಹತ್ತಿರ ಹತ್ತಿರ 40 ಭಾಗ ಸೀಸ. ಡಬ್ಬಿ ಟಿವಿಯ ಗಾಜಿನಲ್ಲಿ ಸೀಸ. ವೈರ್ ಮೇಲಿನ ಪ್ಲಾಸ್ಟಿಕ್ ಬಿಸಿಗೆ ಕೆಡಬಾರದು ಅಂತ ಅದಕ್ಕೂ ಸೀಸ ಬೆರೆಸುತ್ತಿದ್ದರು. ಹಳೇ ರೀಚಾರ್ಜ್ ಬ್ಯಾಟರಿಯಲ್ಲಿ ಕ್ಯಾಡ್ಮಿಯಂ.

ಆದರೂ ಕಾರ್ಡನ್ನು ಎಸೆಯಬೇಡಿ. ಅದರಲ್ಲಿ ಒಂದು ಸುಳಿವಿದೆ. ತಾಮ್ರ ಸುಮಾರು 0.2 ಪಿಪಿಎಂ (ಹತ್ತು ಲಕ್ಷ ಭಾಗ ಮಣ್ಣಿನಲ್ಲಿ ಎಷ್ಟು ಭಾಗ ಎನ್ನುವ ಲೆಕ್ಕ), ಸತು 0.6 ಪಿಪಿಎಂ ದಾಟಿದರೆ ಕಾರ್ಡ್ "ಸಾಕಷ್ಟಿದೆ" ಎನ್ನುತ್ತದೆ. ತಾಮ್ರ 2 ಇದ್ದರೂ ಅದೇ ಮಾತು, 20 ಇದ್ದರೂ ಅದೇ ಮಾತು. ರೈತರು ಮಾತು ನೋಡಿ ನೆಮ್ಮದಿಯಾಗುತ್ತಾರೆ, ನಾನು ಅಂಕಿ ನೋಡುತ್ತೇನೆ. ವೈರ್ ಸುಟ್ಟ ಬೂದಿಯಲ್ಲಿ ತಾಮ್ರದ ಚೂರು ಜಾಸ್ತಿ, ಹಿತ್ತಾಳೆ ತುಂಡಿನಿಂದ ಸತುವೂ ಬರುತ್ತದೆ. ಸುತ್ತಲಿನ ಹೊಲಗಳಿಗಿಂತ ನಿಮ್ಮ ಹೊಲದಲ್ಲಿ ಮಾತ್ರ ಇವೆರಡೂ ಎದ್ದು ಕಂಡರೆ ಸೀಸವೂ ಜೊತೆಗಿರಬಹುದು ಅಂತ ಅನುಮಾನಪಡಬೇಕು.

ಒಂದು ಎಚ್ಚರ. ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಗಳಿಗೆ ವರ್ಷಗಟ್ಟಲೆ ಮೈಲುತುತ್ತ, ಸುಣ್ಣದ ದ್ರಾವಣ ಹೊಡೆದಿರುತ್ತಾರೆ. ಟೊಮೆಟೊಗೂ ತಾಮ್ರದ ಔಷಧಿ ಹೊಡೆಯುತ್ತೇವೆ. ಅಲ್ಲಿ ತಾಮ್ರ ಹೇಗೂ ಜಾಸ್ತಿ ಇರುತ್ತದೆ. ಹಾಗಾಗಿ ಇದೇ ಬೆಳೆ, ಇದೇ ಔಷಧಿ ಕಂಡ, ಶೆಡ್‌ನಿಂದ ದೂರದ ಇನ್ನೊಂದು ಹೊಲದ ಜೊತೆ ಹೋಲಿಸಿ.

ಇನ್ನು ಮಣ್ಣು ತೆಗೆಯುವುದು. ಗೊಬ್ಬರದ ಪರೀಕ್ಷೆಗೆ ಹೊಲದ ಎಂಟು ಹತ್ತು ಕಡೆ ಮಣ್ಣು ತೆಗೆದು ಒಟ್ಟಿಗೆ ಬೆರೆಸಿ ಅರ್ಧ ಕಿಲೋ ಕೊಡುತ್ತೇವೆ ಅಲ್ವಾ? ಇಲ್ಲಿ ಹಾಗೆ ಮಾಡಿದರೆ ಕೆಟ್ಟ ಜಾಗದ ಮಣ್ಣು ಒಳ್ಳೆ ಮಣ್ಣಿನಲ್ಲಿ ಕರಗಿ ಕಾಣದೇ ಹೋಗುತ್ತದೆ. ಬೂದಿ ಹಾರಿ ಬರುವ ಬೇಲಿ ಪಕ್ಕ ಒಂದು, ಮಳೆ ನೀರು ಹರಿದು ನಿಲ್ಲುವ ತಗ್ಗಿನಲ್ಲಿ ಒಂದು, ಹೊಲದ ನಡುವೆ ಒಂದು, ದೂರದ ಹೊಲದಿಂದ ಒಂದು. ಬೇರೆ ಬೇರೆ ಚೀಲ, ಪ್ರತಿ ಚೀಲದ ಮೇಲೂ ಜಾಗದ ಹೆಸರು. ಮೇಲಿನ ಎರಡು ಇಂಚು ಒಂದು ಚೀಲಕ್ಕೆ, ಅದರ ಕೆಳಗಿನ ಅರ್ಧ ಅಡಿ ಇನ್ನೊಂದಕ್ಕೆ. ಸತು ಲೇಪದ ತಗಡಿನ ಬಕೆಟ್ ಬೇಡ, ಪ್ಲಾಸ್ಟಿಕ್ ಬಕೆಟ್ ಇರಲಿ. ಲ್ಯಾಬಿನವರಿಗೆ "ಗೊಬ್ಬರದ ಟೆಸ್ಟ್ ಅಲ್ಲ, ಒಟ್ಟು ಸೀಸ, ಕ್ಯಾಡ್ಮಿಯಂ, ತಾಮ್ರ, ನಿಕ್ಕಲ್, ರಸಸಾರ ಬೇಕು" ಅಂತ ಬಾಯಿಬಿಟ್ಟು ಹೇಳಿ. ಇದನ್ನು ಎಲ್ಲ ಲ್ಯಾಬಿನಲ್ಲೂ ಮಾಡುವುದಿಲ್ಲ. ಎಲ್ಲಿ ಮಾಡಿಸಬೇಕು ಅಂತ ಕೋಲಾರದ ಟಮಕ, ಚಿಂತಾಮಣಿ ಕಡೆಯ ಕುರುಬೂರು ಅಥವಾ ತುಮಕೂರು ಕಡೆಯ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ವರದಿ ಬರುವ ತನಕ ದಯವಿಟ್ಟು ಉಳಬೇಡಿ. ಇದನ್ನು ನಾನು ಕೈಮುಗಿದು ಕೇಳುತ್ತೇನೆ. ಸೀಸ ಮಣ್ಣಿನಲ್ಲಿ ಓಡಾಡುವುದಿಲ್ಲ. ನಮ್ಮ ಕೆಂಪು ಮಣ್ಣಿನ ಕಬ್ಬಿಣ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಹುಪಾಲು ಮೇಲಿನ ಕೆಲವು ಇಂಚಿನಲ್ಲೇ ಇರುತ್ತದೆ. ಅಷ್ಟು ಮಣ್ಣು ಕೆರೆದು ತೆಗೆಯಬಹುದು. ಟ್ರಾಕ್ಟರ್ ಹೊಡೆದು ಒಂದಡಿ ಆಳಕ್ಕೆ ಬೆರೆಸಿಬಿಟ್ಟರೆ ಆಮೇಲೆ ಯಾರಿಂದಲೂ ತೆಗೆಯಲು ಆಗುವುದಿಲ್ಲ. ಹಳೇ ಕಂಪ್ಯೂಟರ್ ಬೋರ್ಡ್‌ನಿಂದ ಚಿನ್ನ ತೆಗೆಯಲು ಶೆಡ್‌ನವರು ಬಳಸಿದ ಆಸಿಡ್ ಹೊಲಕ್ಕೆ ಹರಿದಿದ್ದರೆ ಕಥೆ ಬೇರೆ. ಹುಳಿ ಏರಿದ ಮಣ್ಣಿನಲ್ಲಿ ಕ್ಯಾಡ್ಮಿಯಂ, ನಿಕ್ಕಲ್ ನೀರಿಗೆ ಬಿಟ್ಟುಕೊಂಡು ಕೆಳಗೂ ಇಳಿಯುತ್ತವೆ, ಬೇರಿಗೂ ಏರುತ್ತವೆ.

ಕೆರೆ ಗೋಡು (ಹೂಳು) ಹೊಡೆಸುವವರೂ ಗಮನ ಕೊಡಿ. ಶೆಡ್‌ನ ಮೋರಿ ಯಾವ ಕೆರೆಗೆ ಸೇರುತ್ತದೋ ಆ ಕೆರೆಯ ಗೋಡನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಬೇಡಿ. ದುಡ್ಡು ಕೊಟ್ಟು ನಾವೇ ವಿಷ ತಂದ ಹಾಗಾಗುತ್ತದೆ.

ಸೊಪ್ಪನ್ನು ಚೆನ್ನಾಗಿ ತೊಳೆದರೆ ಸಾಕಾ ಅಂತ ಹೆಂಗಸರು ಕೇಳುತ್ತಾರೆ. ಸೀಸ ಬಹುಪಾಲು ಧೂಳಾಗಿ ಎಲೆ ಮೇಲೆ ಕೂತಿರುತ್ತದೆ, ತೊಳೆದರೆ ಸಾಕಷ್ಟು ಹೋಗುತ್ತದೆ. ಕ್ಯಾಡ್ಮಿಯಂ ಬೇರಿನಿಂದಲೇ ಎಲೆಯೊಳಗೆ ಹೋಗಿರುತ್ತದೆ, ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ. ಪಾಲಕ್, ದಂಟು, ಕೊತ್ತಂಬರಿ ಅದನ್ನು ಜಾಸ್ತಿ ಎಳೆಯುತ್ತವೆ. ಹುರುಳಿಕಾಯಿ, ಟೊಮೆಟೊ, ಮಾವಿನಂಥ ಕಾಯಿ, ಹಣ್ಣಿಗೆ ಬರುವುದು ಕಡಿಮೆ. ಸೊಪ್ಪಿಗೆ ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್‌ನ ಮಿತಿ ಕಿಲೋಗೆ ಸೀಸ 0.3 ಮಿಲಿಗ್ರಾಂ, ಕ್ಯಾಡ್ಮಿಯಂ 0.2 ಮಿಲಿಗ್ರಾಂ. ಮಕ್ಕಳಿಗಂತೂ ಸೀಸ ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ.

ದನಗಳನ್ನು ಆ ಬೂದಿ ಹತ್ತಿರ ಬಿಡಬೇಡಿ, ನೆಕ್ಕುತ್ತವೆ. ಕರು ಕಣ್ಣು ಕಾಣದ ಹಾಗೆ ಗೋಡೆಗೆ ಗುದ್ದಿದರೆ, ಹಲ್ಲು ಕಡಿದರೆ, ಮೈ ಅದುರಿದರೆ ಪಶು ವೈದ್ಯರಿಗೆ ಶೆಡ್ ವಿಷಯವನ್ನೂ ಹೇಳಿ.

ಮಣ್ಣು ಕೆಟ್ಟಿದೆ ಅಂತ ವರದಿ ಬಂದರೆ ಸೊಪ್ಪು, ಮೂಲಂಗಿ, ಕ್ಯಾರೆಟ್ ನಿಲ್ಲಿಸಿ. ಸೇವಂತಿಗೆ, ಗುಲಾಬಿ ಹಾಕಿ, ಈ ಭಾಗಕ್ಕೆ ಹೂವಿನ ಮಾರುಕಟ್ಟೆ ಹತ್ತಿರವೇ ಇದೆ. ಮಣ್ಣು ಹುಳಿಯಿದ್ದರೆ ಸುಣ್ಣ ಹಾಕಿ ರಸಸಾರವನ್ನು 6.5ರ ಮೇಲೆ ತನ್ನಿ, ಕೊಟ್ಟಿಗೆ ಗೊಬ್ಬರ ಧಾರಾಳ ಹಾಕಿ. ಲೋಹ ಹೋಗುವುದಿಲ್ಲ, ಆದರೆ ಗಿಡಕ್ಕೆ ಸಿಗುವುದು ಕಡಿಮೆಯಾಗುತ್ತದೆ. ಸಾಸಿವೆ ಬೆಳೆದು ಲೋಹ ಹೀರಿಸಿ ಅಂತ ಯಾರಾದರೂ ಹೇಳಿದರೆ, ಅದಕ್ಕೆ ಎಷ್ಟೋ ವರ್ಷ ಬೇಕು, ಬೆಳೆದ ಗಿಡವನ್ನು ಎಲ್ಲಿ ಹಾಕುತ್ತೀರಿ ಅಂತಲೂ ಕೇಳಿ.

ಬೆಂಕಿ ನಿಲ್ಲದಿದ್ದರೆ ಇದೆಲ್ಲ ಸುಮ್ನೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ಹಳೇ ಎಲೆಕ್ಟ್ರಾನಿಕ್ ಸಾಮಾನಿನ ಕಸ) ನಿಯಮದಂತೆ, ಮರುಬಳಕೆ ಮಾಡುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ ಮಾಡಿಸಲೇಬೇಕು. ನಾಲ್ಕೂ ಜಾಗದ ಮಣ್ಣಿನ ವರದಿ, ಸರ್ವೆ ನಂಬರ್, ಹೊಗೆ ಏಳುವ ಸಮಯದ ಫೋಟೋ ಸೇರಿಸಿ ರಾಜ್ಯ ಮಂಡಳಿಯ ಜಿಲ್ಲಾ ಕಚೇರಿಗೂ ತಹಶೀಲ್ದಾರರಿಗೂ ಒಂದೇ ದಿನ ಅರ್ಜಿ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.