ವಾಲ್ಟರ್ ಬ್ಯಾಜಟ್: ರಾಜತ್ವವನ್ನು ಬ್ಯಾಂಕರನ ಕಣ್ಣಿನಿಂದ ಕಂಡವನು

ವಾಲ್ಟರ್ ಬ್ಯಾಜಟ್ (1826–1877) ಸಾಮರ್ಸೆಟ್ ಪ್ರಾಂತದ ಲ್ಯಾಂಗ್‌ಪೋರ್ಟಿನ ಬ್ಯಾಂಕಿಂಗ್ ಮನೆತನದವನು. ಕಾನೂನು ಓದಿದರೂ ವಕೀಲಿ ವೃತ್ತಿ ಹಿಡಿಯದೆ ಮನೆತನದ ವ್ಯವಹಾರಕ್ಕೆ ಮರಳಿದ ಅವನು, 1861ರಿಂದ ಸಾಯುವವರೆಗೆ ‘ದಿ ಎಕನಾಮಿಸ್ಟ್’ ಪತ್ರಿಕೆಯ ಸಂಪಾದಕನಾಗಿದ್ದನು. ಪತ್ರಿಕೆಯ ಸ್ಥಾಪಕ ಜೇಮ್ಸ್ ವಿಲ್ಸನ್ ಅವನಿಗೆ ಹೆಣ್ಣು ಕೊಟ್ಟ ಮಾವ; 1860ರಲ್ಲಿ ಭಾರತದಲ್ಲಿ ಆದಾಯ ತೆರಿಗೆಯನ್ನು ಜಾರಿಗೆ ತಂದು, ಅದೇ ವರ್ಷ ಕಲ್ಕತ್ತೆಯಲ್ಲಿ ತೀರಿಕೊಂಡವನು ಇವನೇ.

ನಮಗೆ ಮುಖ್ಯವಾದದ್ದು 1867ರಲ್ಲಿ ಪುಸ್ತಕವಾಗಿ ಬಂದ ‘ದಿ ಇಂಗ್ಲಿಷ್ ಕಾನ್‌ಸ್ಟಿಟ್ಯೂಷನ್’. ಅಧಿಕಾರಗಳು ಬೇರೆಬೇರೆಯಾಗಿದ್ದು ಒಂದನ್ನೊಂದು ತೂಗಿಸುತ್ತವೆ ಎಂಬ ಅಂದಿನ ಪಾಠವನ್ನು ಅವನು ಒಪ್ಪಲಿಲ್ಲ; ಶಾಸಕಾಂಗವೂ ಕಾರ್ಯಾಂಗವೂ ಸಚಿವ ಸಂಪುಟದಲ್ಲಿ ಹೆಚ್ಚುಕಡಿಮೆ ಪೂರ್ತಿಯಾಗಿ ಬೆರೆತಿವೆಯೆಂದೂ, ಸಂಪುಟವು ಇವೆರಡನ್ನು ಕೂಡಿಸುವ ಅಡ್ಡಗೆರೆ, ಬಿಗಿಯುವ ಕೊಂಡಿಯೆಂದೂ ಬರೆದನು. ನಮ್ಮ ಸುಪ್ರೀಂ ಕೋರ್ಟ್ 1955ರ ರಾಮ್ ಜವಾಯಾ ಕಪೂರ್ ಪ್ರಕರಣದಲ್ಲಿ ಭಾರತದ ಮಂತ್ರಿಮಂಡಲವನ್ನು ವಿವರಿಸಲು ಇದೇ ಮಾತನ್ನು ಬಳಸಿತು.

ಹಾಗಾದರೆ ರಾಜನ ಕೆಲಸವೇನು? ಬ್ಯಾಜಟ್ ಸಂವಿಧಾನದಲ್ಲಿ ಎರಡು ಭಾಗಗಳನ್ನು ಗುರುತಿಸುತ್ತಾನೆ: ಜನರ ಭಕ್ತಿಯನ್ನು ಗಳಿಸುವ ಗೌರವಾನ್ವಿತ ಭಾಗ ಮತ್ತು ಆ ಭಕ್ತಿಯ ಬಲದಿಂದ ಆಳುವ ಕಾರ್ಯಸಮರ್ಥ ಭಾಗ. ರಾಜನು ಮೊದಲನೆಯದಕ್ಕೆ ಸೇರಿದವನು, ಸಂಪುಟ ಎರಡನೆಯದಕ್ಕೆ. ಮೊದಲನೆಯದನ್ನು ಬರಿಯ ಅಲಂಕಾರವೆಂದು ಬರೆಯುವುದು ನಮ್ಮಂಥ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು. ಅವನ ಲೆಕ್ಕದಲ್ಲಿ ಅದು ಬಂಡವಾಳ; ವಿಧೇಯತೆ ಮೊದಲು ಕೂಡಿಬರದಿದ್ದರೆ ಸಂಪುಟಕ್ಕೆ ವೆಚ್ಚ ಮಾಡಲು ಏನೂ ಇರುವುದಿಲ್ಲ. ಪತಿ ಆಲ್ಬರ್ಟನ ಮರಣದ ನಂತರ ಏಕಾಂತಕ್ಕೆ ಸರಿದಿದ್ದ ರಾಣಿ ವಿಕ್ಟೋರಿಯಾಳನ್ನು ನಿವೃತ್ತ ವಿಧವೆಯೆಂದೂ ಅವಳ ಮಗನನ್ನು ನಿರುದ್ಯೋಗಿ ಯುವಕನೆಂದೂ ಕರೆದು, ಇಂಥವರ ನಡೆನುಡಿಗೆ ಇಷ್ಟು ಮಹತ್ವ ಹೇಗೆ ಬಂತೆಂದು ಕೇಳುವ ಧೈರ್ಯ ಅವನಿಗಿತ್ತು. ಅವನ ಉತ್ತರ ಸರಳ: ಒಂದು ಕುಟುಂಬದ ಕಥೆ ಎಲ್ಲರಿಗೂ ಅರ್ಥವಾಗುತ್ತದೆ, ಸಂಪುಟದ ಕಾರ್ಯವಿಧಾನ ಕೆಲವರಿಗಷ್ಟೇ.

ತೆರೆಯ ಹಿಂದೆ ಅರಸನಿಗೆ ಮೂರು ಹಕ್ಕುಗಳಿವೆ: ಮಂತ್ರಿಗಳು ತನ್ನ ಅಭಿಪ್ರಾಯವನ್ನು ಕೇಳಬೇಕೆನ್ನುವುದು, ಉತ್ತೇಜಿಸುವುದು, ಎಚ್ಚರಿಸುವುದು. ಮಂತ್ರಿಗಳು ಬದಲಾಗುತ್ತಿರುವಾಗ ಅರಸನು ಅಲ್ಲೇ ಉಳಿದು ಅನುಭವವನ್ನು ಕೂಡಿಡುವುದರಿಂದ ಮೂರನೆಯದಕ್ಕೆ ತೂಕ ಹೆಚ್ಚು.

ನಂಬಿಕೆಯೇ ಬಂಡವಾಳವೆಂಬ ಈ ನೋಟ ಲಂಡನ್ನಿನ ಹಣದ ಪೇಟೆಯನ್ನು ಕುರಿತ ಅವನ 1873ರ ಪುಸ್ತಕ ‘ಲೊಂಬಾರ್ಡ್ ಸ್ಟ್ರೀಟ್’ನಲ್ಲೂ ಇದೆ. 1866ರಲ್ಲಿ ಓವರೆಂಡ್ ಗರ್ನಿ ಎಂಬ ಲಂಡನ್ನಿನ ಹಣಕಾಸು ಸಂಸ್ಥೆ ಕುಸಿದು ಪೇಟೆ ಬೆದರಿದ್ದನ್ನು ಕಂಡಿದ್ದ ಅವನು, ಅಂಥ ಹೊತ್ತಿನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಒಳ್ಳೆಯ ಅಡಮಾನದ ಮೇಲೆ, ಹೆಚ್ಚಿನ ಬಡ್ಡಿಗೆ, ಕೈ ಬಿಗಿಹಿಡಿಯದೆ ಸಾಲ ಕೊಡಬೇಕೆಂದು ವಾದಿಸಿದನು.

ಅವನ ಸಿದ್ಧಾಂತದ ದುರ್ಬಲ ಜಾಗ, ನನ್ನ ಮಟ್ಟಿಗೆ, ಸಾಮಾನ್ಯ ಜನರ ಬಗೆಗಿನ ತಾತ್ಸಾರ. 1867ರ ಸುಧಾರಣಾ ಕಾಯ್ದೆ ನಗರದ ದುಡಿಯುವವರಿಗೆ ಮತ ಕೊಟ್ಟಾಗ, 1872ರ ಆವೃತ್ತಿಗೆ ಬರೆದ ದೀರ್ಘ ಪ್ರಸ್ತಾವನೆಯಲ್ಲಿ ಅವನು ಆತಂಕವನ್ನೇ ತೋಡಿಕೊಂಡನು.