ಕಕುರೆ ಕಿರಿಶಿತಾನ್: ಜಪಾನಿನ ಗುಟ್ಟು ಕ್ರೈಸ್ತರು

ಜಪಾನಿ ಭಾಷೆಯಲ್ಲಿ ‘ಕಕುರೆ’ ಅಂದರೆ ಅಡಗಿಕೊಂಡ, ‘ಕಿರಿಶಿತಾನ್’ ಅಂದರೆ ಕ್ರೈಸ್ತ. ಪಾದ್ರಿಯೂ ಇಲ್ಲದೆ, ಚರ್ಚೂ ಇಲ್ಲದೆ ಇನ್ನೂರು ವರ್ಷಕ್ಕೂ ಜಾಸ್ತಿ ಕಾಲ ಗುಟ್ಟಾಗಿ ನಂಬಿಕೆ ಉಳಿಸಿಕೊಂಡ ನಾಗಾಸಾಕಿ ಸುತ್ತಲಿನ ರೈತರನ್ನು, ಮೀನುಗಾರರನ್ನು ಹೀಗೆ ಕರೆಯುತ್ತಾರೆ.

ಅಡಗುವ ಗತಿ ಯಾಕೆ ಬಂತು? ಗೋವಾ ಕಡೆಯಿಂದ ಹೊರಟ ಕ್ರೈಸ್ತ ಪಾದ್ರಿ ಫ್ರಾನ್ಸಿಸ್ ಝೇವಿಯರ್ 1549ರಲ್ಲಿ ಕಾಗೋಶಿಮಾದಲ್ಲಿ ಇಳಿದಾಗ ವಿರೋಧ ಅಷ್ಟೇನೂ ಇರಲಿಲ್ಲ. ಕ್ಯೂಶೂ ದ್ವೀಪದ ಕೆಲವು ಪಾಳೇಗಾರರಿಗೆ ಪೋರ್ಚುಗೀಸ್ ಹಡಗಿನ ವ್ಯಾಪಾರ ಬೇಕಿತ್ತು. ತಾವೂ ಮತಾಂತರವಾದರು, ಪ್ರಜೆಗಳನ್ನೂ ಮಾಡಿಸಿದರು. ಕೆಲವು ಕಡೆ ಬಲವಂತ ನಡೆಯಿತು, ಬೌದ್ಧ ಗುಡಿಗಳೂ ಉರುಳಿದವು. ಇದನ್ನು ಬಿಟ್ಟು ಮುಂದಿನ ಹಿಂಸೆಯನ್ನಷ್ಟೇ ಹೇಳಿದರೆ ಅರ್ಧ ಕತೆ ಹೇಳಿದಂತೆ.

ದೇಶವನ್ನು ಒಂದು ಕೈಗೆ ತರುತ್ತಿದ್ದ ತೊಯೊತೊಮಿ ಹಿದೆಯೋಶಿಗೆ ಈ ವಿದೇಶಿ ಪಾದ್ರಿಗಳ ಮೇಲೆ ಅನುಮಾನ ಹುಟ್ಟಿತು. ಇವತ್ತು ಪಾದ್ರಿ, ನಾಳೆ ಅವನ ರಾಜನ ಸೈನ್ಯ ಬಂದರೆ? 1587ರಲ್ಲಿ ಪಾದ್ರಿಗಳಿಗೆ ದೇಶ ಬಿಡುವ ಆಜ್ಞೆಯಾಯಿತು. 1597ರಲ್ಲಿ ನಾಗಾಸಾಕಿಯಲ್ಲಿ 26 ಜನರನ್ನು ಶಿಲುಬೆಗೆ ಏರಿಸಿದರು. ಅವರಲ್ಲೊಬ್ಬ ಮುಂಬೈ ಪಕ್ಕದ ವಸಾಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ. 1614ರಲ್ಲಿ, ಹಿದೆಯೋಶಿಯ ನಂತರ ಅಧಿಕಾರಕ್ಕೆ ಬಂದ ತೊಕುಗಾವ ಮನೆತನದ ಸರ್ಕಾರ ಇಡೀ ದೇಶದಲ್ಲಿ ಕ್ರೈಸ್ತ ಧರ್ಮಕ್ಕೆ ನಿಷೇಧ ಹೇರಿತು. ಪ್ರತಿ ಮನೆಯವರೂ ಯಾವುದಾದರೂ ಬೌದ್ಧ ದೇವಾಲಯದಲ್ಲಿ ಹೆಸರು ಬರೆಸಲೇಬೇಕಾಯಿತು. ಪಾದ್ರಿಯನ್ನು ಹಿಡಿದುಕೊಟ್ಟವರಿಗೆ 500 ಬೆಳ್ಳಿ ನಾಣ್ಯ ಅಂತ 1682ರ ಸರ್ಕಾರಿ ಫಲಕದಲ್ಲಿದೆ.

ಎಲ್ಲಕ್ಕಿಂತ ಕ್ರೂರ ಅನ್ನಿಸುವುದು ‘ಫುಮಿಯೆ’. ಕ್ರಿಸ್ತನದೋ ಮರಿಯಮ್ಮನದೋ ಚಿತ್ರವಿರುವ ಫಲಕವನ್ನು ನೆಲದ ಮೇಲಿಟ್ಟು ತುಳಿಸುವುದು. ನಾಗಾಸಾಕಿಯಲ್ಲಿ ಪ್ರತಿ ಹೊಸ ವರ್ಷ ಇದು ನಡೆಯುತ್ತಿತ್ತು. ಕಾಯಿಲೆ ಬಿದ್ದವರಿಗೂ ಬಿಡುಗಡೆ ಇರಲಿಲ್ಲ. ಈಗ ಮ್ಯೂಸಿಯಂನಲ್ಲಿರುವ ಕೆಲವು ಹಿತ್ತಾಳೆ ಫಲಕಗಳಲ್ಲಿ ಮೂಗು, ಕಣ್ಣು ಸವೆದು ನುಣ್ಣಗಾಗಿವೆ. ಗುಟ್ಟು ಕ್ರೈಸ್ತರೂ ತುಳಿದರು. ತುಳಿದು ಮನೆಗೆ ಬಂದು ‘ಕೊಂಚಿರಿಸಾನ್’ ಅನ್ನುವ ಪಶ್ಚಾತ್ತಾಪದ ಪ್ರಾರ್ಥನೆ ಹೇಳಿಕೊಂಡರು. ಪಾಪ ನಿವೇದನೆ ಕೇಳಲು ಪಾದ್ರಿಯೇ ಇಲ್ಲವಲ್ಲ!

ಊರಲ್ಲಿ ಒಬ್ಬರು ಹಬ್ಬದ ದಿನಗಳ ಲೆಕ್ಕ ಇಡುತ್ತಿದ್ದರು. ಇನ್ನೊಬ್ಬರು ಕೂಸುಗಳಿಗೆ ದೀಕ್ಷಾಸ್ನಾನ ಮಾಡಿಸುತ್ತಿದ್ದರು. ಮಗು ಎತ್ತಿಕೊಂಡ ಕನ್ನೋನ್ ದೇವಿಯ ವಿಗ್ರಹ ನೋಡುವವರಿಗೆ ಬೌದ್ಧರದು, ಮನೆಯವರಿಗೆ ಮರಿಯಮ್ಮ. ‘ಒರಾಶೊ’ ಅನ್ನುವ ಪ್ರಾರ್ಥನೆಗಳು ಬಾಯಿಂದ ಬಾಯಿಗೆ ಬಂದವು. ‘ಓ ಗ್ಲೊರಿಯೋಸಾ’ ಅಂತ ಶುರುವಾಗುವ ಲ್ಯಾಟಿನ್ ಸ್ತುತಿ ಇಕಿತ್ಸುಕಿ ದ್ವೀಪದಲ್ಲಿ ‘ಗುರುರಿಯೋಝಾ’ ಆಯಿತು. ಅರ್ಥ ಯಾರಿಗೂ ಗೊತ್ತಿರಲಿಲ್ಲ, ಆದರೂ ಬಿಡಲಿಲ್ಲ.

1865ರಲ್ಲಿ ನಾಗಾಸಾಕಿಯ ಓಉರಾದಲ್ಲಿ ವಿದೇಶಿಯರಿಗೆಂದು ಕಟ್ಟಿದ ಹೊಸ ಚರ್ಚಿಗೆ ಪಕ್ಕದ ಉರಕಾಮಿ ಹಳ್ಳಿಯ ಕೆಲವರು ಬಂದರು. ನಮ್ಮದೂ ನಿಮ್ಮದೇ ನಂಬಿಕೆ ಅಂತ ಫ್ರೆಂಚ್ ಪಾದ್ರಿ ಪೆತಿಜಾನ್‌ಗೆ ಮೆಲ್ಲಗೆ ಹೇಳಿದರು. ಸಂತ ಮರಿಯಮ್ಮನ ಮೂರ್ತಿ ಎಲ್ಲಿ ಅಂತ ಕೇಳಿದರು. ಗುಟ್ಟು ಬಯಲಾದದ್ದಕ್ಕೆ ಬೆಲೆಯನ್ನೂ ತೆತ್ತರು. ಉರಕಾಮಿಯ ಸುಮಾರು 3,400 ಜನರನ್ನು ದೂರದೂರದ ಸೀಮೆಗಳಿಗೆ ಗಡೀಪಾರು ಮಾಡಿದರು, ನೂರಾರು ಜನ ಅಲ್ಲೇ ಸತ್ತರು. ಪಾಶ್ಚಾತ್ಯ ದೇಶಗಳ ಒತ್ತಡ ಜಾಸ್ತಿಯಾಗಿ 1873ರಲ್ಲಿ ನಿಷೇಧದ ಫಲಕಗಳನ್ನು ತೆಗೆದರು.

ಪದದ ಗೊಂದಲ ಶುರುವಾಗುವುದು ಇಲ್ಲಿಂದ. 1873ಕ್ಕೆ ಮುಂಚಿನವರನ್ನು ವಿದ್ವಾಂಸರು ‘ಸೆನ್ಪುಕು ಕಿರಿಶಿತಾನ್’ (ತಲೆಮರೆಸಿಕೊಂಡ ಕ್ರೈಸ್ತರು) ಅನ್ನುತ್ತಾರೆ. ಯುನೆಸ್ಕೊ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಇವರ ಕಾಲದ ತಾಣಗಳನ್ನು. ‘ಕಕುರೆ’ ಅನ್ನುವುದನ್ನು ಆಮೇಲೂ ಕ್ಯಾಥೊಲಿಕ್ ಚರ್ಚಿಗೆ ಸೇರದವರಿಗೆ ಮೀಸಲಿಡುತ್ತಾರೆ. ನನಗೆ ಇವರೇ ಜಾಸ್ತಿ ಕುತೂಹಲ. ಅಡಗುವ ಅಗತ್ಯವೇ ಇಲ್ಲದಾಗಲೂ ಇವರು ಹಳೆಯ ರೀತಿ ಬಿಡಲಿಲ್ಲ. ಇವರಿಗೆ ಅದು ಅಪ್ಪ, ಅಜ್ಜ, ಮುತ್ತಜ್ಜ ನಡೆಸಿಕೊಂಡು ಬಂದ ಪದ್ಧತಿ. ಹೊಸ ಪಾದ್ರಿ ಬಂದು ಬುದ್ಧನ ಪೀಠ ತೆಗೆಯಿರಿ ಅಂದರೆ ಒಪ್ಪುವುದು ಹೇಗೆ? ವಿದೇಶಿ ಧರ್ಮ ಅಂತ ಒಂದು ಕಾಲದಲ್ಲಿ ಸರ್ಕಾರ ಓಡಿಸಲು ನೋಡಿದ್ದು ಅಷ್ಟೊತ್ತಿಗೆ ಆ ಮನೆಗಳ ಕುಲಾಚಾರವೇ ಆಗಿಹೋಗಿತ್ತು. ಈಗ ಹುಡುಗರು ಪಟ್ಟಣ ಸೇರುತ್ತಿದ್ದಾರೆ, ಇಕಿತ್ಸುಕಿಯಲ್ಲಿ ಒರಾಶೊ ಹೇಳುವವರು ತೀರಾ ಕಡಿಮೆಯಾಗಿದ್ದಾರೆ.