ಇಲಿಯಿಂದ ಒಂದು ಬಾತಿನ ಜಾತಿಯೇ ಮುಗಿಯುತ್ತಾ?

ಗುಬ್ಬಿ ತಾಲ್ಲೂಕಿನ ಓದುಗರೊಬ್ಬರ ಪ್ರಶ್ನೆ: "ಹೆಗ್ಗಣ ನಮ್ಮ ಕೋಳಿಮರಿಗಳನ್ನೂ ಎಳೆದುಕೊಂಡು ಹೋಗುತ್ತೆ. ಹಾಗಂತ ಕೋಳಿ ಸಂತತಿ ಮುಗಿದಿಲ್ಲವಲ್ಲ. ದ್ವೀಪದ ಬಾತು ಮಾತ್ರ ಇಲಿಯಿಂದ ಅಳಿಯೋದು ಹೇಗೆ?"

ನಿಮ್ಮ ಕೋಳಿಗೆ ನೀವಿದ್ದೀರಿ. ಕತ್ತಲಾದರೆ ಮಂಕರಿ ದಬಾಕಿ ಮೇಲೊಂದು ಕಲ್ಲು ಹೇರುತ್ತೀರಿ. ನಮ್ಮ ಕೆರೆಯ ಬಾತಿಗೆ ಮಂಕರಿ ಇಲ್ಲ, ನಿಜ. ಆದರೆ ಮುಂಗುಸಿ, ಹಾವು, ಬೆಕ್ಕು ಅದಕ್ಕೆ ಹೊಸದಲ್ಲ. ಸದ್ದಾದರೆ ಹಾರಿ ಹೋಗುತ್ತೆ.

ಕ್ಯಾಂಪ್‌ಬೆಲ್ ದ್ವೀಪದ ಪುಟ್ಟ ಬಾತಿಗೆ ಹಾರಲು ಬರೋದಿಲ್ಲ. ನ್ಯೂಜಿಲೆಂಡ್‌ನಿಂದ ದಕ್ಷಿಣಕ್ಕೆ ಸುಮಾರು 700 ಕಿ.ಮೀ. ದೂರದ ಜಾಗ ಅದು. ತೂಕ ಅರ್ಧ ಕೆ.ಜಿ.ಯೂ ಇಲ್ಲ, ರೆಕ್ಕೆ ಗಿಡ್ಡ. ಅಲ್ಲಿ ಭಯ ಇದ್ದದ್ದು ಮೇಲಿಂದ ಎರಗುವ ಹಕ್ಕಿಗಳದ್ದು. ಹಾಗಾಗಿ ಎತ್ತರದ ಹುಲ್ಲಿನ ಬುಡದಲ್ಲಿ ಅಡಗಿದರೆ ಮುಗೀತು. ಮೊಟ್ಟೆ, ಮರಿ ಎಲ್ಲ ನೆಲದಲ್ಲೇ. ಇಲಿ ಮೂಸುತ್ತಾ ಬರೋದೂ ಅದೇ ಬುಡಕ್ಕೆ ಅಲ್ವಾ!

19ನೇ ಶತಮಾನದಲ್ಲಿ ಸೀಲ್, ತಿಮಿಂಗಿಲ ಬೇಟೆಯವರ ಹಡಗುಗಳ ಜೊತೆ ಇಲಿ ಇಳಿಯಿತು. ಬಾತು ಕಾಣೆಯಾಯಿತು. ಮುಗಿದೇ ಹೋಯಿತು ಅಂದುಕೊಂಡಿದ್ದಾಗ, 1975ರಲ್ಲಿ ಪಕ್ಕದ ಡೆಂಟ್ ಎಂಬ ಬಂಡೆದ್ವೀಪದಲ್ಲಿ ಕೆಲವು ಸಿಕ್ಕವು. ಇಲಿ ಅಲ್ಲಿಗೆ ದಾಟಿರಲಿಲ್ಲ. ಡೆಂಟ್ ಎಷ್ಟು ದೊಡ್ಡದು ಗೊತ್ತಾ? 23 ಹೆಕ್ಟೇರ್. ನಿಮ್ಮ ಕಡೆಯ ನಾಲ್ಕಾರು ತೆಂಗಿನ ತೋಟ ಸೇರಿಸಿದಷ್ಟು. ಒಂದಿಡೀ ಜಾತಿ ಅಷ್ಟರಲ್ಲಿ ಉಸಿರು ಹಿಡಿದುಕೊಂಡಿತ್ತು.

ಕೆಲವನ್ನು ಹಿಡಿದು ತಂದು ಸಾಕಿದರು. ಅವು ವರ್ಷಗಟ್ಟಲೆ ಮರಿ ಮಾಡಲೇ ಇಲ್ಲ. 1994ರಲ್ಲಿ ಡೈಸಿ ಅಂತ ಹೆಸರಿಟ್ಟಿದ್ದ ಒಂದು ಹೆಣ್ಣು ಕೊನೆಗೂ ಮೊಟ್ಟೆ ಇಟ್ಟಿತು.

ಇಲಿಗೆ ಬೆಕ್ಕು ಬಿಟ್ಟಿದ್ದರೆ ಆಗ್ತಿರಲಿಲ್ವಾ ಅನ್ನಬೇಡಿ. ಕುರಿ ಸಾಕಲು ಹೋದವರ ಕಾಲದಿಂದ ಕ್ಯಾಂಪ್‌ಬೆಲ್‌ನಲ್ಲಿ ಬೆಕ್ಕೂ ಇತ್ತು. ಇಲಿ ಮುಗಿಯಲಿಲ್ಲ. ಬೆಕ್ಕಿಗೆ ಇಲಿಯೂ ಒಂದೇ, ಬಾತುಮರಿಯೂ ಒಂದೇ.

2001ರ ಚಳಿಗಾಲದಲ್ಲಿ, ಇಲಿಗೆ ಹೊಟ್ಟೆಗೆ ಸಾಲದ ಹೊತ್ತು ನೋಡಿ, ಹೆಲಿಕಾಪ್ಟರ್‌ನಿಂದ ಸುಮಾರು 120 ಟನ್ ವಿಷದ ಉಂಡೆ ಸುರಿದರು. 11,000 ಹೆಕ್ಟೇರ್‌ಗೂ ಜಾಸ್ತಿ ಜಾಗ. ಒಂದು ಗಬ್ಬದ ಇಲಿ ಉಳಿದಿದ್ದರೂ ಇಡೀ ಕೆಲಸ ಮಣ್ಣುಪಾಲು. ಎರಡು ವರ್ಷ ಬಿಟ್ಟು ಹುಡುಕಿದಾಗ ಒಂದೂ ಇರಲಿಲ್ಲ. 2004ರಲ್ಲಿ 50 ಬಾತುಗಳನ್ನು ತಂದು ಅದೇ ಹುಲ್ಲಿನ ನಡುವೆ ಬಿಟ್ಟರು. ಈಗ ಅವು ಅಲ್ಲೇ ಗೂಡು ಕಟ್ಟಿ ಮರಿ ಮಾಡುತ್ತಿವೆ.